ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎನ್ನುವ ಮುನ್ನ

ಆಟಕ್ಕೆಂದು ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡಿನಷ್ಟು ದುಬಾರಿಯಾದ, ಅದರಷ್ಟು ವಿದ್ಯುತ್ತನ್ನು ಬಳಸುವ, ಅದರಷ್ಟು ಬಿಸಿಯಾಗುವ ಭಾಗ ಸಾಮಾನ್ಯವಾಗಿ ಬೇರೊಂದಿರುವುದಿಲ್ಲ. ಹೀಗಾಗಿ ಆಟದ ನಡುವೆ ಪರದೆ ಕಪ್ಪಾದಾಗ ಅಥವಾ ಚಿತ್ರ ಚೌಕಚೌಕವಾಗಿ ಒಡೆದುಹೋದಾಗ ಸಂಶಯ ಮೊದಲು ಬೀಳುವುದು ಅದರ ಮೇಲೆಯೇ. ಈ ಸಂಶಯ ಪೂರ್ತಿ ಅಕಾರಣವೇನಲ್ಲ. ಆದರೆ ಕಂಪ್ಯೂಟರಿನ ಯಾವ ಅಂಗ ಎಡವಿದರೂ ಅದು ಮನುಷ್ಯನ ಕಣ್ಣಿಗೆ ಬೀಳುವುದು ಪರದೆಯ ಮೂಲಕ, ಆ ಪರದೆಗೆ ಚಿತ್ರವನ್ನು ಕಳಿಸುವ ಹೊಣೆ ಗ್ರಾಫಿಕ್ಸ್ ಕಾರ್ಡಿನದು, ಆದ್ದರಿಂದ ಉಳಿದ ಭಾಗಗಳ ತಪ್ಪೂ ಅದರ ಲೆಕ್ಕಕ್ಕೇ ಸೇರಿಬಿಡುತ್ತದೆ ಎಂಬುದನ್ನು ಮರೆತವರು ಚೆನ್ನಾಗಿಯೇ ಇರುವ ಕಾರ್ಡನ್ನು ಅರ್ಧ ಬೆಲೆಗೆ ಮಾರಿ, ಹೊಸದನ್ನು ತಂದು ಹಾಕಿ, ಅದೇ ದೋಷವನ್ನು ಮತ್ತೆ ನೋಡಬೇಕಾಗುತ್ತದೆ. ಮೇಲ್ಮಹಡಿಯ ನಲ್ಲಿಯಲ್ಲಿ ನೀರು ಬಾರದಿದ್ದಾಗ ನಲ್ಲಿಯನ್ನು ಕಿತ್ತುಹಾಕುವ ಮೊದಲು ಸಂಪು, ಮೋಟರು, ತೊಟ್ಟಿಗಳನ್ನು ನೋಡುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಕನಕಪುರ ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವೆ, ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಅಂಜನಾಪುರದಂಥ ಬಡಾವಣೆಯಲ್ಲಿ ಈ ಕ್ರಮಕ್ಕೆ ವಿಶೇಷ ಮಹತ್ವವಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರೂಪಿಸಿದ ಈ ಬಡಾವಣೆಯಲ್ಲಿ ಮನೆಗಳು ಒಂದೊಂದಾಗಿ ಮೇಲೇಳುತ್ತ ಬಂದಿರುವುದರಿಂದ ಒಂದು ನಿವೇಶನದಲ್ಲಿ ಸಂಸಾರ ನಡೆಯುತ್ತಿದ್ದರೆ ಪಕ್ಕದ್ದರಲ್ಲಿ ಸಿಮೆಂಟು, ಎಂ-ಸ್ಯಾಂಡುಗಳ ರಾಶಿ ಇರುವುದು ಸಾಮಾನ್ಯ. ಮುಂಗಾರಿಗೆ ಮೊದಲಿನ ಏಪ್ರಿಲ್–ಮೇ ತಿಂಗಳ ಗಾಳಿಮಳೆಯಲ್ಲಿ ಕರೆಂಟು ಹೋಗಿ ಬರುವುದೂ ಹೊಸತಲ್ಲ. ಧೂಳು, ಸೆಖೆ, ಏರಿಳಿಯುವ ವಿದ್ಯುತ್ತು ಈ ಮೂರೂ ಗ್ರಾಫಿಕ್ಸ್ ಕಾರ್ಡಿನ ವೈರಿಗಳು. ಹೊರದೇಶದ ಹವಾನಿಯಂತ್ರಿತ ಕೋಣೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕೈಪಿಡಿಗಳು ಇವುಗಳಿಗೆ ಕೊಡುವ ಸ್ಥಳ ಬಹಳ ಕಡಿಮೆ.

ದೋಷವನ್ನು ಹುಡುಕಲು ಕಾರ್ಡಿನ ರಚನೆಯ ಸ್ಥೂಲ ತಿಳಿವಳಿಕೆಯಾದರೂ ಬೇಕು. ಕಾರ್ಡಿನ ನಡುವೆ ಇರುವ ಮುಖ್ಯ ಚಿಪ್ಪಿಗೆ ಗ್ರಾಫಿಕ್ಸ್ ಪ್ರೊಸೆಸರ್ ಅಥವಾ ಜಿಪಿಯು ಎಂದು ಹೆಸರು. ಎನ್‌ವಿಡಿಯಾ ಕಂಪನಿ 1999ರಲ್ಲಿ ಜಿಫೋರ್ಸ್ 256 ಎಂಬ ಚಿಪ್ಪನ್ನು ಜಗತ್ತಿನ ಮೊದಲ ಜಿಪಿಯು ಎಂದು ಕರೆದು ಮಾರುಕಟ್ಟೆಗೆ ತಂದ ಮೇಲೆ ಈ ಹೆಸರು ಬಳಕೆಯಲ್ಲಿ ನೆಲೆಯೂರಿತು. ಮುಖ್ಯ ಚಿಪ್ಪಿನ ಸುತ್ತ ಸಾಲಾಗಿ ಕುಳಿತಿರುವ ಸಣ್ಣ ಚಿಪ್ಪುಗಳು ಚಿತ್ರದ ಮಾಹಿತಿಯನ್ನು ಹಿಡಿದಿಡುವ ಮೆಮೊರಿ, ಅಂದರೆ ವಿರಾಮ್. ಎಸ್‌ಎಂಪಿಎಸ್, ಎಂದರೆ ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ, ಕಾರ್ಡಿಗೆ 12 ವೋಲ್ಟ್ ಒದಗಿಸುತ್ತದೆ. ಅದನ್ನು ಮತ್ತೆ ಸುಮಾರು 1 ವೋಲ್ಟಿಗೆ ಇಳಿಸಿ ಮುಖ್ಯ ಚಿಪ್ಪಿಗೆ ಉಣಿಸುವ ಕೆಲಸ ಕಾರ್ಡಿನ ಮೇಲಿರುವ ಮಾಸ್‌ಫೆಟ್ ಎಂಬ ಸ್ವಿಚ್ಚುಗಳು, ಸುರುಳಿಗಳು ಮತ್ತು ಕೆಪಾಸಿಟರುಗಳದು. ವೋಲ್ಟೇಜು ಇಷ್ಟು ತಗ್ಗಿದಾಗ ಅದೇ ಶಕ್ತಿಗೆ ಹರಿಯಬೇಕಾದ ಪ್ರವಾಹ ಅಷ್ಟೇ ಹೆಚ್ಚುವುದರಿಂದ, ದೊಡ್ಡ ಕಾರ್ಡುಗಳಲ್ಲಿ ಅಂಗೈ ಅಗಲದ ಜಾಗದಲ್ಲಿ ನೂರಾರು ಆಂಪಿಯರ್ ವಿದ್ಯುತ್ತು ಹರಿಯುತ್ತಿರುತ್ತದೆ. ಇವೆಲ್ಲದರ ಮೇಲೆ ಲೋಹದ ರೆಕ್ಕೆಗಳೂ ಫ್ಯಾನುಗಳೂ ಕೂತಿರುತ್ತವೆ.

ಲಕ್ಷಣಗಳನ್ನು ಓದುವುದು ಮೊದಲ ಹೆಜ್ಜೆ, ಮತ್ತು ಮನೆಮಂದಿ ಸಾಮಾನ್ಯವಾಗಿ ಆತುರದಲ್ಲಿ ದಾಟಿಬಿಡುವ ಹೆಜ್ಜೆಯೂ ಇದೇ. ಕಂಪ್ಯೂಟರನ್ನು ಆನ್ ಮಾಡಿದ ಕೂಡಲೇ, ವಿಂಡೋಸ್ ತೆರೆದುಕೊಳ್ಳುವುದಕ್ಕೂ ಮೊದಲು, ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ನ ಪುಟದಲ್ಲಿಯೇ ಗೆರೆಗಳು, ಚುಕ್ಕೆಗಳು, ಬಣ್ಣಗೆಟ್ಟ ಅಕ್ಷರಗಳು ಕಂಡರೆ ತಪ್ಪು ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶದ್ದಲ್ಲ, ಏಕೆಂದರೆ ಆ ಹೊತ್ತಿಗೆ ಡ್ರೈವರ್ ಇನ್ನೂ ಎದ್ದೇ ಇರುವುದಿಲ್ಲ; ಆಗ ಉಳಿಯುವ ಆರೋಪಿಗಳು ಕಾರ್ಡು, ಕೇಬಲ್ಲು ಮತ್ತು ಮಾನಿಟರು ಮಾತ್ರ. ಈ ಮೂರನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯುಂಟು: ದೋಷ ವಿಂಡೋಸಿನಲ್ಲಿಯೂ ಕಾಣುತ್ತಿದ್ದರೆ ಅದೇ ಹೊತ್ತಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ನೋಡಬೇಕು. ಸ್ಕ್ರೀನ್‌ಶಾಟ್ ತೆಗೆಯುವಾಗ ಚಿತ್ರ ಕಾರ್ಡಿನ ಮೆಮೊರಿಯಿಂದ ನೇರವಾಗಿ ಬರುತ್ತದೆಯೇ ಹೊರತು ಕೇಬಲ್ಲನ್ನು ಹಾಯ್ದು ಬರುವುದಿಲ್ಲ. ಆದ್ದರಿಂದ ಮೊಬೈಲಿನಲ್ಲಿಯೂ ಗೆರೆಗಳಿದ್ದರೆ ಚಿತ್ರ ಕಾರ್ಡಿನೊಳಗೇ ಕೆಟ್ಟಿದೆ, ಅಲ್ಲಿ ಸ್ವಚ್ಛವಾಗಿದ್ದರೆ ಕೇಬಲ್ಲು, ಮಾನಿಟರು ಅಥವಾ ಕಾರ್ಡಿನ ಹೊರಕಿಂಡಿಯನ್ನು ನೋಡಬೇಕು ಎಂದು ತಿಳಿಯುತ್ತದೆ. ಒಂದು ಪೈಸೆಯೂ ಖರ್ಚಿಲ್ಲದ ಈ ಪರೀಕ್ಷೆಯನ್ನು ಅಂಗಡಿಗೆ ಹೋಗುವ ಮುನ್ನ ಪ್ರತಿಯೊಬ್ಬರೂ ಮಾಡಬೇಕು.

ಪರದೆ ಒಂದೆರಡು ಕ್ಷಣ ಕಪ್ಪಾಗಿ, ಆಟ ಮುಚ್ಚಿಹೋಗಿ, ಡ್ರೈವರ್ ಸ್ಪಂದಿಸಲಿಲ್ಲ ಎಂಬ ಸೂಚನೆಯೊಂದಿಗೆ ಡೆಸ್ಕ್‌ಟಾಪ್ ಮರಳಿ ಬರುವುದು ಇನ್ನೊಂದು ಬಗೆ. ಜಿಪಿಯುಗೆ ಕೊಟ್ಟ ಕೆಲಸ 2 ಸೆಕೆಂಡಿನೊಳಗೆ ಮುಗಿಯದೆಯೂ ಚಿಪ್ಪು ಅದನ್ನು ಬಿಟ್ಟುಕೊಡದೆಯೂ ಇದ್ದರೆ ವಿಂಡೋಸ್ ಅದನ್ನು ಸ್ತಬ್ಧವಾಗಿದೆಯೆಂದು ಭಾವಿಸಿ ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ. ಈ ವ್ಯವಸ್ಥೆಗೆ ಟಿಡಿಆರ್ ಎಂದು ಹೆಸರು, ಮತ್ತು ಈವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕದಲ್ಲಿ ಇದು 4101 ಎಂಬ ಸಂಖ್ಯೆಯಡಿ ನಮೂದಾಗಿರುತ್ತದೆ. ಇದಕ್ಕೆ ಡ್ರೈವರ್ ಕಾರಣವಿರಬಹುದು, ಮಿತಿಮೀರಿ ಏರಿಸಿದ ವೇಗ ಕಾರಣವಿರಬಹುದು, ದುರ್ಬಲಗೊಂಡ ಚಿಪ್ಪೂ ಕಾರಣವಿರಬಹುದು. ಇಡೀ ಕಂಪ್ಯೂಟರೇ ದಿಢೀರನೆ ಆರಿಹೋಗುವುದು ಅಥವಾ ಯಾವ ಸೂಚನೆಯೂ ಇಲ್ಲದೆ ಮರುಚಾಲೂ ಆಗುವುದು ಮಾತ್ರ ಬಹುಮಟ್ಟಿಗೆ ವಿದ್ಯುತ್ ಪೂರೈಕೆಯ ಲಕ್ಷಣ. ಅಲ್ಲಿ ಕಾರ್ಡನ್ನು ಶಂಕಿಸುವ ಮೊದಲು ಎಸ್‌ಎಂಪಿಎಸ್ಸನ್ನು ಶಂಕಿಸುವುದು ನ್ಯಾಯ.

ತಪ್ಪು ಆರೋಪದ ದೊಡ್ಡ ಉದಾಹರಣೆಯೊಂದು ಇತ್ತೀಚಿನದೇ ಆಗಿದೆ. ಇಂಟೆಲ್ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರುಗಳಿದ್ದ ಕಂಪ್ಯೂಟರುಗಳಲ್ಲಿ, ವಿಶೇಷವಾಗಿ ಅನ್‌ರಿಯಲ್ ಎಂಜಿನ್ ಬಳಸುವ ಆಟಗಳು ಆರಂಭವಾಗುವ ಹೊತ್ತಿನಲ್ಲಿ, ವಿಡಿಯೊ ಮೆಮೊರಿ ಸಾಲದು ಎಂಬ ದೋಷಸಂದೇಶ ಬಂದು ಆಟ ಕುಸಿಯುತ್ತಿತ್ತು. ಸಂದೇಶವನ್ನು ಅಕ್ಷರಶಃ ನಂಬಿದವರು ಬೇಕಾದಷ್ಟು ವಿರಾಮ್ ಇದ್ದ ಕಾರ್ಡುಗಳನ್ನೇ ಅನುಮಾನಿಸಿದರು. ವಾಸ್ತವದಲ್ಲಿ ಆಟದ ದೃಶ್ಯಗಳಿಗೆ ಬೇಕಾದ ಶೇಡರ್ ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಸಿದ್ಧಪಡಿಸುವಾಗ ಮುಖ್ಯ ಪ್ರೊಸೆಸರೇ ಲೆಕ್ಕ ತಪ್ಪುತ್ತಿತ್ತು. ಪ್ರೊಸೆಸರಿಗೆ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ಹೋಗುತ್ತಿದ್ದುದನ್ನು ಇಂಟೆಲ್ 2024ರ ಜುಲೈಯಲ್ಲಿ ಒಪ್ಪಿಕೊಂಡು, ಆಗಸ್ಟಿನಿಂದ ಬಯಾಸ್ ಮೂಲಕ ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಇಂಥ ಪ್ರೊಸೆಸರಿರುವ ಮನೆಯಲ್ಲಿ ಬಯಾಸನ್ನು ಹೊಸ ಆವೃತ್ತಿಗೆ ತರುವುದೇ ಮೊದಲ ಕೆಲಸ. ಒಮ್ಮೆ ಹಾನಿಗೊಂಡ ಪ್ರೊಸೆಸರನ್ನು ಆ ತಿದ್ದುಪಡಿ ಗುಣಪಡಿಸುವುದಿಲ್ಲವಾದ್ದರಿಂದ ತೊಂದರೆ ಮುಂದುವರಿದರೆ ಬದಲಿ ಕೇಳುವುದು ಸೂಕ್ತ.

ಮನೆಯ ವಿದ್ಯುತ್ತಿನ ಪ್ರಶ್ನೆ ಇನ್ನಷ್ಟು ವಿಸ್ತಾರವಾದ ಪರಿಶೀಲನೆಯನ್ನು ಬೇಡುತ್ತದೆ. ಕಾರ್ಡು ಮದರ್‌ಬೋರ್ಡಿನ ಸ್ಲಾಟಿನಿಂದ 75 ವಾಟ್‌ವರೆಗೆ ಪಡೆಯಬಹುದು; ಅದಕ್ಕೂ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್ಸಿನಿಂದ ಬರುವ ಪ್ರತ್ಯೇಕ ವೈರುಗಳು ಬೇಕು, ಅವುಗಳಲ್ಲಿ 6 ಪಿನ್ನಿನದು 75 ವಾಟ್, 8 ಪಿನ್ನಿನದು 150 ವಾಟ್ ಹೊರುವಂತೆ ನಿಗದಿಯಾಗಿದೆ. ಆದರೆ 170 ವಾಟ್ ಎಂದು ನಿಗದಿಯಾಗಿರುವ ಆರ್‌ಟಿಎಕ್ಸ್ 3060ರಂಥ ಕಾರ್ಡು ಸದಾಕಾಲ ಅಷ್ಟನ್ನೇ ಬಳಸುತ್ತದೆ ಎಂದೇನೂ ಇಲ್ಲ. ದೃಶ್ಯ ಬದಲಾಗುವ ಗಳಿಗೆಯಲ್ಲಿ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಬೇಡಿಕೆ ಆ ಮಿತಿಯನ್ನು ಮೀರಿ ಜಿಗಿಯುತ್ತದೆ, ಹಳೆಯ ಅಥವಾ ಅಗ್ಗದ ಎಸ್‌ಎಂಪಿಎಸ್ ಅದನ್ನು ಅಪಾಯವೆಂದು ತಿಳಿದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇಂಥ ಕ್ಷಣಿಕ ಜಿಗಿತಗಳನ್ನು ಸಹಿಸಬಲ್ಲ ಎಸ್‌ಎಂಪಿಎಸ್ಸುಗಳನ್ನೇ ಉದ್ದೇಶಿಸಿ ರೂಪುಗೊಂಡಿತು. ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್ಸನ್ನು ನೆಚ್ಚಿಕೊಂಡು ಮೂವತ್ತು ಸಾವಿರ ರೂಪಾಯಿಯ ಕಾರ್ಡನ್ನು ನಡೆಸುವುದು ಉಳಿತಾಯವಲ್ಲ.

ಕರೆಂಟು ಹೋದಾಗ ಕಂಪ್ಯೂಟರ್ ಯಾವುದರ ಮೇಲೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಬೆಂಗಳೂರಿನ ಅನೇಕ ಮನೆಗಳಲ್ಲಿ ದೀಪ, ಫ್ಯಾನುಗಳಿಗೆಂದು ಹಾಕಿಸಿದ ಇನ್ವರ್ಟರಿನ ಸಾಲಿಗೇ ಕಂಪ್ಯೂಟರನ್ನೂ ಸೇರಿಸಲಾಗಿರುತ್ತದೆ. ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಬೆಸ್ಕಾಂ ವಿದ್ಯುತ್ತಿನಿಂದ ಬ್ಯಾಟರಿಗೆ ಇನ್ವರ್ಟರ್ ಹೊರಳುವುದು ಇದಕ್ಕಿಂತ ತಡವಾದರೆ ಕಂಪ್ಯೂಟರ್ ಮರುಚಾಲೂ ಆಗುವುದು ಸಹಜ, ಅದರಲ್ಲಿ ಕಾರ್ಡಿನ ತಪ್ಪೇನೂ ಇಲ್ಲ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಎಂಬ ಸ್ವಿಚ್ಚಿರುತ್ತದೆ. ಅದನ್ನು ಆ ಸ್ಥಾನಕ್ಕೆ ತಂದರೆ ಹೊರಳುವಿಕೆ ವೇಗವಾಗುತ್ತದೆ. ಚೌಕ ಅಲೆಯ ಇನ್ವರ್ಟರಿಗಿಂತ ಶುದ್ಧ ಸೈನ್ ಅಲೆಯದು ಇಂದಿನ ಎಸ್‌ಎಂಪಿಎಸ್ಸುಗಳಿಗೆ ಹೊಂದುತ್ತದೆ. ಜೊತೆಗೆ ಮೂರನೆಯ ಪಿನ್ನಿಲ್ಲದ ಎಕ್ಸ್‌ಟೆನ್ಷನ್ ಬೋರ್ಡು, ಸಡಿಲವಾದ ಸಾಕೆಟ್ಟು, ಹೆಸರಿಗಷ್ಟೇ ಇರುವ ಅರ್ಥಿಂಗ್ ಇವುಗಳನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಿಕೊಳ್ಳುವುದು ಒಳಿತು. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುತ್ತಿದ್ದರೆ ಅದನ್ನು ಯಾವ ಮನೆಯೂ ಸಣ್ಣ ವಿಷಯವೆಂದು ಬಿಡಬಾರದು.

ಕನೆಕ್ಟರುಗಳ ವಿಷಯದಲ್ಲಿ ಎಚ್ಚರ ಬೇಕೆಂಬುದನ್ನು 2022ರ ಅಕ್ಟೋಬರಿನಲ್ಲಿ ಬಂದ ಆರ್‌ಟಿಎಕ್ಸ್ 4090 ಜಗತ್ತಿಗೆಲ್ಲ ಕಲಿಸಿತು. 600 ವಾಟ್‌ವರೆಗೆ ಹೊರುವಂತೆ ರೂಪಿಸಿದ ಅದರ 16 ಪಿನ್ನಿನ ಕನೆಕ್ಟರ್ ಕೆಲವೆಡೆ ಕರಗಿಹೋಯಿತು. ಪೂರ್ತಿ ಒಳಕ್ಕೆ ಕೂರದಿದ್ದುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ಕಂಡುಬಂದು, ಮರುವರ್ಷ ಕನೆಕ್ಟರಿನ ವಿನ್ಯಾಸವನ್ನೇ ತಿದ್ದಲಾಯಿತು. ಸಾಧಾರಣ ಕಾರ್ಡಿನಲ್ಲಿಯೂ ಪ್ಲಗ್ಗು ಕಟ್ಟೆಂದು ಸದ್ದು ಮಾಡಿ ಕೂತಿದೆಯೇ, ಅದರ ಪ್ಲಾಸ್ಟಿಕ್ಕು ಕಂದಿದೆಯೇ ಎಂದು ಬೆಳಕಿನಲ್ಲಿ ನೋಡುವುದು ಅರ್ಧ ನಿಮಿಷದ ಕೆಲಸ.

ಇನ್ನು ಬಿಸಿ. ಬೆಂಗಳೂರು ತಂಪಾದ ಊರೆಂಬ ಹಳೆಯ ನಂಬಿಕೆ ಕಂಪ್ಯೂಟರಿನ ಮಟ್ಟಿಗೆ ಈಗ ನೆಚ್ಚತಕ್ಕದ್ದಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕೋಣೆಯ ಗಾಳಿ ಎಷ್ಟು ಡಿಗ್ರಿ ಏರುತ್ತದೆಯೋ ಕಾರ್ಡಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುವುದರಿಂದ, ಜನವರಿಯಲ್ಲಿ ಸರಾಗವಾಗಿ ನಡೆದ ಆಟ ಏಪ್ರಿಲ್ಲಿನಲ್ಲಿ ತೊದಲಿದರೆ ಆಶ್ಚರ್ಯವಿಲ್ಲ. ಎಚ್‌ಡಬ್ಲ್ಯುಇನ್ಫೊ, ಜಿಪಿಯು-ಝಡ್ ಮುಂತಾದ ಉಚಿತ ತಂತ್ರಾಂಶಗಳು ಅನೇಕ ಕಾರ್ಡುಗಳಲ್ಲಿ ಚಿಪ್ಪಿನ ಸಾಧಾರಣ ಉಷ್ಣತೆಯನ್ನೂ ಅದರ ಅತಿ ಬಿಸಿಯಾದ ಬಿಂದುವಿನ ಉಷ್ಣತೆಯನ್ನೂ ಬೇರೆಬೇರೆಯಾಗಿ ತೋರಿಸುತ್ತವೆ. ಎನ್‌ವಿಡಿಯಾದ ಅನೇಕ ಕಾರ್ಡುಗಳು ಸುಮಾರು 83 ಡಿಗ್ರಿಯಲ್ಲಿ ವೇಗವನ್ನು ತಗ್ಗಿಸಿಕೊಳ್ಳತೊಡಗುತ್ತವೆ. ಎಎಂಡಿಯ ಹೊಸ ಕಾರ್ಡುಗಳಲ್ಲಿ ಅತಿ ಬಿಸಿ ಬಿಂದು 110 ಡಿಗ್ರಿಯವರೆಗೆ ಹೋಗಲು ಅವಕಾಶವಿದೆ. ಇಲ್ಲಿ ಗಮನಿಸಬೇಕಾದದ್ದು ಎರಡು ಅಂಕಿಗಳ ನಡುವಿನ ಅಂತರ. ಮೊದಲು ಹತ್ತು ಹದಿನೈದು ಡಿಗ್ರಿಯಿದ್ದ ಅಂತರ ಕಾಲಕ್ರಮದಲ್ಲಿ ಮೂವತ್ತರ ಹತ್ತಿರ ಬಂದರೆ, ಚಿಪ್ಪಿಗೂ ಲೋಹಕ್ಕೂ ನಡುವೆ ಶಾಖವನ್ನು ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಅಂಚಿಗೆ ಸರಿದುಹೋಗಿದೆ ಎಂದು ತಿಳಿಯಬಹುದು.

ಕಟ್ಟಡದ ಧೂಳು ಮನೆಯ ಮಾಮೂಲಿ ಧೂಳಿಗಿಂತ ಕೆಟ್ಟದ್ದು. ಅದರ ಸಿಮೆಂಟಿನ ಕಣಗಳು ಮಳೆಗಾಲದ ತೇವಕ್ಕೆ ಲೋಹದ ರೆಕ್ಕೆಗಳ ನಡುವೆ ಹೆಪ್ಪುಗಟ್ಟುತ್ತವೆ, ಬರಿಯ ಊದುವಿಕೆಗೆ ಬಿಡುವುದಿಲ್ಲ. ಕ್ಯಾಬಿನೆಟ್ಟನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಬ್ಲೋವರಿನಿಂದ ಧೂಳು ಹಾರಿಸುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು; ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ಸುತ್ತಿ ಬೇರಿಂಗ್ ಹಾಳಾಗಬಹುದು. ಕಾರ್ಡಿನ ಚಿನ್ನದ ಲೇಪವಿರುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಅಂಗಡಿಗಳಲ್ಲಿಯೂ ಇದೆ. ಆದರೆ ರಬ್ಬರು ತೆಳುವಾದ ಲೇಪವನ್ನು ಸವೆಸಿ, ತನ್ನ ಪುಡಿಯನ್ನು ಸ್ಲಾಟಿನೊಳಗೆ ಬಿಡುವುದರಿಂದ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲೇಳದ ಬಟ್ಟೆಯಿಂದ ಒರೆಸುವುದೇ ಮೇಲು.

ಪರೀಕ್ಷೆಯ ಕ್ರಮದಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವರನ್ನು ಬೇರುಸಹಿತ ತೆಗೆದು ಹೊಸದನ್ನು ಹಾಕುವುದು, ಕಾರ್ಡನ್ನು ಕಿತ್ತು ಮತ್ತೆ ಕೂರಿಸುವುದು, ಬೇರೆ ಕೇಬಲ್ಲು ಹಾಕುವುದು, ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡಿಲ್ಲದೆ ನಡೆಸಿ ನೋಡುವುದು, ಇವೆಲ್ಲ ಖರ್ಚಿಲ್ಲದ ಮತ್ತು ಹಿಂತಿರುಗಿಸಬಹುದಾದ ಕೆಲಸಗಳಾದ್ದರಿಂದ ಮೊದಲು ಬರಬೇಕು. ನಂತರ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು ಶೇ 70ಕ್ಕೆ ಇಳಿಸಿ ಆಟವಾಡಿಸಿ ನೋಡಬೇಕು. ದೋಷ ಮಾಯವಾದರೆ ಮೂಲವಿರುವುದು ವಿದ್ಯುತ್ತಿನಲ್ಲಿ ಅಥವಾ ಬಿಸಿಯಲ್ಲಿ. ಮಿತಿಯನ್ನು ಮೊದಲಿನಂತೆ ಬಿಟ್ಟು ಮೆಮೊರಿಯ ವೇಗವನ್ನಷ್ಟೇ ಇಳಿಸಿದಾಗ ಚೌಕಗಳು ಮಾಯವಾದರೆ ವಿರಾಮ್ ಸೋಲುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಕೊನೆಯದಾಗಿ, ಕಾರ್ಡನ್ನು ಸ್ನೇಹಿತರ ಅಥವಾ ನೆರೆಯವರ ಕಂಪ್ಯೂಟರಿನಲ್ಲಿ ಹಾಕಿ ನೋಡುವುದು. ದೋಷ ಕಾರ್ಡಿನ ಜೊತೆ ಹೋದರೆ ಕಾರ್ಡಿನದು, ಮನೆಯಲ್ಲೇ ಉಳಿದರೆ ಮನೆಯದು.

ಕಾರ್ಡು ನಿಜವಾಗಿ ಕೆಟ್ಟಾಗ ಏನು ಕೆಟ್ಟಿರುತ್ತದೆ? ಭಾರವಾದ ಕಾರ್ಡುಗಳು ಆಧಾರವಿಲ್ಲದೆ ಜೋತುಬಿದ್ದು ಸ್ಲಾಟಿನ ಬಳಿ ಬೋರ್ಡು ಬಿರುಕುಬಿಡುವುದುಂಟು, ಮಾಸ್‌ಫೆಟ್ ಸುಟ್ಟು ಶಾರ್ಟ್ ಆಗುವುದುಂಟು, ಮೆಮೊರಿ ಚಿಪ್ಪೊಂದು ಸಾಯುವುದುಂಟು. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾಗಿರುವುದು ಬೆಸುಗೆಯ ಸೋಲು. ಸಿಲಿಕಾನ್ ಚಿಪ್ಪು ಸೂಜಿಮೊನೆಯಂಥ ಬೆಸುಗೆಯ ಉಬ್ಬುಗಳ ಮೇಲೆ ಹಸಿರು ತಳಹಲಗೆಯೊಂದರಲ್ಲಿ ಕೂತಿರುತ್ತದೆ, ಆ ತಳಹಲಗೆ ಅದಕ್ಕಿಂತ ದೊಡ್ಡ ಬೆಸುಗೆ ಗುಂಡುಗಳ ಮೇಲೆ ಕಾರ್ಡಿಗೆ ಅಂಟಿರುತ್ತದೆ; ಬಿಸಿಯಾದಾಗ ತಳಹಲಗೆ ಸಿಲಿಕಾನಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ, ಪ್ರತಿ ಬಾರಿ ಆಟ ಆರಂಭವಾಗಿ ನಿಂತಾಗಲೂ ಆ ಉಬ್ಬುಗಳು ಎಳೆತಕ್ಕೆ ಸಿಕ್ಕಿ, ವರ್ಷಗಳ ಮೇಲೆ ಬಿರಿಯುತ್ತವೆ. 2008ರ ಜುಲೈಯಲ್ಲಿ ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಬಳಸಿದ ಸಾಮಗ್ರಿ ದುರ್ಬಲವಾಗಿತ್ತೆಂದು ಹೇಳಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಬೇಕಾಗಿ ಬಂದದ್ದು ಈ ಬಗೆಯ ಸೋಲಿನಿಂದಲೇ. ಕೆಟ್ಟ ಕಾರ್ಡನ್ನು ಅಡುಗೆಮನೆಯ ಅವನ್ನಿನಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸಿದರೆ ಬೆಸುಗೆ ಕರಗಿ ಕೂಡಿಕೊಳ್ಳುತ್ತದೆ ಎಂಬ ಮಾತು ಅಲ್ಲಿಂದ ಹಬ್ಬಿತು. ಯುರೋಪಿನ ಒಕ್ಕೂಟ 2006ರ ಜುಲೈಯಿಂದ ಸೀಸವನ್ನು ನಿರ್ಬಂಧಿಸಿದ ಮೇಲೆ ಬಳಕೆಗೆ ಬಂದ ಸೀಸರಹಿತ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಅಂದರೆ ಅವನ್ನಿನ ಬಿಸಿಗೆ ಅದು ಕರಗುವುದೇ ಇಲ್ಲ. ಬಿರಿದ ಉಬ್ಬುಗಳು ಬಿಸಿಗೆ ಹಿಗ್ಗಿ ಕೆಲ ದಿನ ಮತ್ತೆ ಒಂದಕ್ಕೊಂದು ತಾಗುತ್ತವೆ, ಅಷ್ಟೆ. ಆಹಾರ ಬೇಯುವ ಪೆಟ್ಟಿಗೆಯಲ್ಲಿ ರಾಸಾಯನಿಕದ ಹೊಗೆ ತುಂಬುವ ಈ ಪ್ರಯೋಗವನ್ನು ಯಾರೂ ಮಾಡಬಾರದು.

ಬೆಂಗಳೂರಿಗರಿಗೆ ಇದಕ್ಕೆ ಬೇರೆ ದಾರಿಯಿದೆ. ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್‌ಪಿ ರೋಡ್, ದಶಕಗಳಿಂದ ನಗರದ ಎಲೆಕ್ಟ್ರಾನಿಕ್ ಪೇಟೆ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡ ಮೇಲೆ ಅಂಜನಾಪುರದವರು ವಾಜರಹಳ್ಳಿ ಅಥವಾ ತಲಘಟ್ಟಪುರದಲ್ಲಿ ರೈಲು ಹತ್ತಿ, ಮಾರ್ಗ ಬದಲಿಸದೆ ಕೃಷ್ಣರಾಜ ಮಾರುಕಟ್ಟೆ ಅಥವಾ ಚಿಕ್ಕಪೇಟೆಯಲ್ಲಿಳಿದು ಅಲ್ಲಿಗೆ ನಡೆದುಹೋಗಬಹುದು. ಮಲ್ಟಿಮೀಟರಿನಿಂದ ಶಾರ್ಟ್ ಹುಡುಕಿ ಮಾಸ್‌ಫೆಟ್ ಬದಲಿಸುವುದು, ಬಿಸಿಗಾಳಿಯ ಯಂತ್ರದಿಂದ ಮೆಮೊರಿ ಚಿಪ್ಪನ್ನು ಎಬ್ಬಿಸಿ ಹೊಸದನ್ನು ಕೂರಿಸುವುದು ನುರಿತ ಕೈಗಳಿಗೆ ಸಾಧ್ಯವಾದ ಕೆಲಸಗಳೇ. ಗ್ರಾಹಕರು ಅಂಗಡಿಯವರನ್ನು ಕೇಳಬೇಕಾದದ್ದು ಯಾವ ಭಾಗ ಕೆಟ್ಟಿದೆ, ಯಾವ ಅಳತೆಯಿಂದ ಅದು ತಿಳಿಯಿತು, ಬದಲಿಸಿದ ಭಾಗಕ್ಕೆ ಎಷ್ಟು ದಿನದ ಖಾತರಿ ಎಂಬುದನ್ನು. ಬರಿಯ ಬಿಸಿಗಾಳಿ ಹಾಯಿಸಿ ಸರಿಮಾಡಿದ್ದೇವೆ ಎಂಬ ಉತ್ತರ ಬಂದರೆ ಅದು ಅವನ್ನಿನ ಪ್ರಯೋಗದ್ದೇ ಇನ್ನೊಂದು ರೂಪವೆಂದು ತಿಳಿಯಬೇಕು. ಹಳೆಯ ಕಾರ್ಡು ಕೊಳ್ಳುವವರು 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ನಾಣ್ಯದ ಗಣಿಗಾರಿಕೆ ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ಮಾರಾಟಕ್ಕೆ ಬಂದದ್ದನ್ನು ನೆನಪಿಟ್ಟು, ಫ್ಯಾನಿನ ಸದ್ದನ್ನೂ ಮೆಮೊರಿಯ ಬಿಸಿಯನ್ನೂ ಅಲ್ಲಿಯೇ ಪರೀಕ್ಷಿಸಿ ನೋಡಬೇಕು.

ಈ ರಿಪೇರಿಗಾರರು ದುಡಿಯುವ ಪರಿಸ್ಥಿತಿ ಮಾತ್ರ ನ್ಯಾಯವಾದುದಲ್ಲ. ಎನ್‌ವಿಡಿಯಾದ ವಿನ್ಯಾಸ ಕೇಂದ್ರ ಇದೇ ನಗರದಲ್ಲಿದೆ; ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವಾದ ಟೆಕ್ನೊಸ್ಟಾರನ್ನು 2023ರ ನವೆಂಬರಿನಲ್ಲಿ ಇಲ್ಲಿಯೇ ತೆರೆಯಿತು. ಚಿಪ್ಪು ರೂಪಿಸುವ ವಿದ್ಯೆ ಇಷ್ಟು ಹತ್ತಿರದಲ್ಲಿರುವ ಊರಿನಲ್ಲಿ ಕಾರ್ಡು ದುರಸ್ತಿ ಮಾಡುವವರ ಕೈಗೆ ಅದರ ಸರ್ಕ್ಯೂಟ್ ನಕ್ಷೆ ಅಧಿಕೃತವಾಗಿ ಸಿಗುವುದಿಲ್ಲ, ಏಕೆಂದರೆ ಕಾರ್ಡು ತಯಾರಕರು ಅದನ್ನು ಸಾರ್ವಜನಿಕರಿಗೆ ಕೊಡುವ ಪದ್ಧತಿ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಜಾಲತಾಣವೊಂದನ್ನು ಆರಂಭಿಸಿತಾದರೂ, ನಕ್ಷೆಗಳೂ ಬಿಡಿ ಚಿಪ್ಪುಗಳೂ ಸಿಗುವವರೆಗೆ ಗ್ರಾಫಿಕ್ಸ್ ಕಾರ್ಡಿನ ಮಟ್ಟಿಗೆ ಆ ಹಕ್ಕು ಹೆಸರಿನಲ್ಲೇ ಉಳಿಯುತ್ತದೆ.

ವಾರಂಟಿಯ ಅವಧಿಯಲ್ಲಿರುವ ಕಾರ್ಡನ್ನು ಬಿಚ್ಚದೆ ಕಂಪನಿಗೇ ಕೊಡುವುದು ವಿವೇಕ. ಸಾಮಾನ್ಯವಾಗಿ ಈ ಅವಧಿ 3 ವರ್ಷ. ಬಿಲ್ಲು, ಪೆಟ್ಟಿಗೆ, ಸೀರಿಯಲ್ ಸಂಖ್ಯೆಯ ಫೋಟೊ, ದೋಷ ಕಾಣಿಸಿಕೊಂಡಾಗಿನ ವಿಡಿಯೊ ಇವಿಷ್ಟಿದ್ದರೆ ಮಾತು ಗಟ್ಟಿಯಾಗುತ್ತದೆ. ಕಾರಣ ಹೇಳದೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಯಾವುದೂ ಫಲಿಸದೆ ಸತ್ತ ಕಾರ್ಡನ್ನು ಗುಜರಿಗೆ ತೂಕಕ್ಕೆ ಹಾಕುವ ಬದಲು ಎಸ್‌ಪಿ ರೋಡಿನ ರಿಪೇರಿಯವರಿಗೆ ಕೊಟ್ಟರೆ ಅದರ ಒಳ್ಳೆಯ ಮೆಮೊರಿ ಚಿಪ್ಪುಗಳೂ ಮಾಸ್‌ಫೆಟ್ಟುಗಳೂ ಅದೇ ಮಾದರಿಯ ಇನ್ನೊಂದು ಕಾರ್ಡಿಗೆ ಬಿಡಿಭಾಗಗಳಾಗುತ್ತವೆ. ಅದೂ ಆಗದಿದ್ದರೆ ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಮರುಬಳಕೆ ಘಟಕಗಳಿವೆ, ಅಲ್ಲಿ ಬೋರ್ಡಿನ ತಾಮ್ರವೂ ಚಿನ್ನವೂ ಬಯಲಲ್ಲಿ ಸುಡದೆ ಬೇರ್ಪಡುತ್ತವೆ.